ಮಂಜುಗಡ್ಡೆಯೊಳಗಿನ ಸುರಂಗ

ನಮ್ಮ ಮನೆಯ ಹಿಂದಿನ ಗುಡ್ಡದಲ್ಲಿ ಅಜ್ಜನ ಕಾಲದ ಸುರಂಗವೊಂದಿದೆ. ಕಾಸರಗೋಡಿನ ಮೂಡಣ ಭಾಗದವರಿಗೆ ಸುರಂಗವೆಂದರೇನೆಂದು ನಾನು ವಿವರಿಸಬೇಕಾಗಿಲ್ಲ. ಒಬ್ಬ ಮನುಷ್ಯ ತುಸು ಬಾಗಿ ಒಳಹೋಗುವಷ್ಟು ಅಗಲ, ಎತ್ತರ. ಮುರಕಲ್ಲನ್ನು ಪಿಕಾಸಿಯಿಂದ ಕಡಿಯುತ್ತ, ಉಸಿರಾಟಕ್ಕೆ ಗಾಳಿಯಿದೆಯೇ ಎಂದು ಮೊಂಬತ್ತಿಯ ಉರಿಯನ್ನು ನೋಡಿಕೊಳ್ಳುತ್ತ, ನೀರಿನ ಒಸರು ಸಿಗುವವರೆಗೆ ಕೊರೆದ ದಾರಿ ಅದು. ಕಳೆದ ಬೇಸಗೆಯಲ್ಲಿ ಅದರ ಹೂಳು ತೆಗೆಸುತ್ತಿದ್ದಾಗ ಏಳನೆಯ ತರಗತಿಯ ನನ್ನ ಮಗಳು ಬಾಯಿಯ ಬಳಿ ನಿಂತು, "ಅಪ್ಪಾ, ಇದು ಇಷ್ಟು ವರ್ಷವಾದರೂ ಕುಸಿಯಲಿಲ್ಲವೇಕೆ?" ಎಂದು ಕೇಳಿದಳು. ಮುರಕಲ್ಲು ಗಾಳಿಗೆ ತೆರೆದುಕೊಂಡಷ್ಟೂ ಗಟ್ಟಿಯಾಗುತ್ತದೆ ಎಂದೆ. ಆ ರಾತ್ರಿ ಅವಳ ಭೂಪಟದ ಪುಸ್ತಕವನ್ನು ತೆರೆದು, ಕುಸಿದುಹೋದ ಇನ್ನೊಂದು ಸುರಂಗದ ಕಥೆಯನ್ನು ಹೇಳಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾನು ಆ ಸ್ಥಳಕ್ಕೆ ಹೋದವನಲ್ಲ. ಹೋದರೂ ಅಲ್ಲಿ ಕಾಣುವುದು ಬಿಳಿಯ ಬಯಲು ಮಾತ್ರ. ಊರು ಅದರ ಅಡಿಯಲ್ಲಿದೆ.

ಗ್ರೀನ್‌ಲ್ಯಾಂಡ್ ಜಗತ್ತಿನ ಅತಿ ದೊಡ್ಡ ದ್ವೀಪ. ವಿಸ್ತಾರ ಸುಮಾರು 21 ಲಕ್ಷ 66 ಸಾವಿರ ಚದರ ಕಿಲೋಮೀಟರ್. ಅದರ ಐದರಲ್ಲಿ ನಾಲ್ಕು ಪಾಲು ಮಂಜುಗಡ್ಡೆಯ ಹೊದಿಕೆ. ಕೆಲವೆಡೆ ಆ ಹೊದಿಕೆಯ ದಪ್ಪ ಮೂರು ಕಿಲೋಮೀಟರನ್ನು ಮೀರುತ್ತದೆ. ಅಂಚಿನ ಬಂಡೆಗಳ ಮೇಲೆ, ಕಡಲಿಗೆ ಮುಖಮಾಡಿ, ಇಂದಿಗೂ ಅರುವತ್ತು ಸಾವಿರಕ್ಕಿಂತ ಕಡಿಮೆ ಜನರು ವಾಸಿಸುತ್ತಾರೆ. ಗೋಡೆಯ ಭೂಪಟದಲ್ಲಿ ಅದು ಯಾರಿಗೂ ಬೇಡವಾದ ಮೂಲೆಯಂತೆ ತೋರುತ್ತದೆ. ಆದರೆ ಭೂಗೋಲವನ್ನು ಕೈಗೆತ್ತಿಕೊಂಡು ಉತ್ತರ ಧ್ರುವವನ್ನು ಮೇಲಿನಿಂದ ನೋಡಿದರೆ ಚಿತ್ರವೇ ಬೇರೆ. ಅಮೆರಿಕ ಮತ್ತು ರಷ್ಯಗಳ ನಡುವಣ ಹತ್ತಿರದ ದಾರಿ ಧ್ರುವದ ಮೇಲೆ ಹಾದುಹೋಗುತ್ತದೆ. ಆ ದಾರಿಯ ಪಕ್ಕದಲ್ಲಿಯೇ ಗ್ರೀನ್‌ಲ್ಯಾಂಡ್ ಇದೆ. ಎರಡನೆಯ ಮಹಾಯುದ್ಧದ ಬಳಿಕ ಸೇನಾಧಿಕಾರಿಗಳು ನೋಡಿದ್ದು ಈ ಎರಡನೆಯ ಚಿತ್ರವನ್ನು.

ದ್ವೀಪದ ಒಡೆತನ ಡೆನ್ಮಾರ್ಕಿನದು. 1951ರ ಎಪ್ರಿಲ್ 27ರಂದು ಡೆನ್ಮಾರ್ಕ್ ಮತ್ತು ಅಮೆರಿಕ ಗ್ರೀನ್‌ಲ್ಯಾಂಡಿನ ರಕ್ಷಣೆಯ ಕುರಿತು ಒಪ್ಪಂದ ಮಾಡಿಕೊಂಡವು. ಅದೇ ವರ್ಷ ವಾಯವ್ಯ ಕರಾವಳಿಯ ತೂಲೆಯಲ್ಲಿ ಅಮೆರಿಕದ ಬೃಹತ್ ವಿಮಾನನೆಲೆಯ ನಿರ್ಮಾಣ ಆರಂಭವಾಯಿತು. ಅಲ್ಲಿಂದ ಇನ್ನೂರಕ್ಕೂ ಹೆಚ್ಚು ಕಿಲೋಮೀಟರ್ ಒಳಗೆ, ಸಮುದ್ರಮಟ್ಟದಿಂದ ಸುಮಾರು ಎರಡು ಸಾವಿರ ಮೀಟರ್ ಎತ್ತರದ ಮಂಜಿನ ಪ್ರಸ್ಥಭೂಮಿಯಲ್ಲಿ, 1959ರ ಜೂನಿನಲ್ಲಿ ಅಮೆರಿಕದ ಭೂಸೇನೆಯ ಎಂಜಿನಿಯರುಗಳು ಒಂದು ವಸತಿಯನ್ನು ಕಟ್ಟತೊಡಗಿದರು. ಮಂಜಿನ ಅಂಚಿನಿಂದ ನೂರು ಮೈಲಿ ಒಳಗೆ ಎಂದು ಮೊದಲು ಯೋಚಿಸಿದ್ದುದರಿಂದ ಅದಕ್ಕೆ 'ಕ್ಯಾಂಪ್ ಸೆಂಚುರಿ' ಎಂದು ಹೆಸರು. ವರ್ಷದ ಸರಾಸರಿ ಉಷ್ಣತೆ ಸೊನ್ನೆಗಿಂತ 23-24 ಡಿಗ್ರಿ ಕೆಳಗೆ. ಸಾಮಗ್ರಿಗಳನ್ನು ಭಾರಿ ಜಾರುಬಂಡಿಗಳ ಮೇಲೆ ಹೇರಿ, ಟ್ರ್ಯಾಕ್ಟರುಗಳಿಂದ ಎಳೆಸುತ್ತಿದ್ದರು. ಗಂಟೆಗೆ ಎರಡು ಮೈಲಿಯಂತೆ ಸಾಗಿ ತಲಪಲು ಸುಮಾರು 70 ಗಂಟೆ.

ಅಂತಹ ಬಯಲಿನಲ್ಲಿ ಮನೆ ಕಟ್ಟುವುದು ಹೇಗೆ? ಮೇಲೆ ಕಟ್ಟಿದರೆ ಬೀಸುಹಿಮ ಮುಚ್ಚಿಬಿಡುತ್ತದೆ. ಆದುದರಿಂದ ಮುಚ್ಚಿಹೋಗುವ ಮುನ್ನವೇ ಕೆಳಗಿಳಿಯುವುದೆಂದು ಅವರು ತೀರ್ಮಾನಿಸಿದರು. ಆಲ್ಪ್ಸ್ ಪರ್ವತದ ರಸ್ತೆಗಳ ಹಿಮವನ್ನು ತೆಗೆಯಲು ಬಳಸುವ ಸ್ವಿಟ್ಜರ್ಲೆಂಡಿನ ಯಂತ್ರಗಳನ್ನು ತಂದು ಉದ್ದನೆಯ ಕಂದಕಗಳನ್ನು ತೋಡಿದರು. ಮೇಲೆ ಅಲೆಯಲೆಯಾದ ಉಕ್ಕಿನ ತಗಡುಗಳನ್ನು ಕಮಾನಿನಂತೆ ಬಗ್ಗಿಸಿಟ್ಟು, ಅದರ ಮೇಲೆ ಅದೇ ಹಿಮವನ್ನು ಮರಳಿ ಸುರಿದರು. ಸುರಿದ ಹಿಮ ಕೆಲವೇ ದಿನಗಳಲ್ಲಿ ಗಟ್ಟಿಗೊಂಡು ಚಾವಣಿಯಾಯಿತು. ಹೀಗೆ 21 ಸುರಂಗಗಳು. ಒಟ್ಟು ಉದ್ದ ಸುಮಾರು ಮೂರು ಕಿಲೋಮೀಟರ್. ನಡುವಿನ ದೊಡ್ಡ ಸುರಂಗಕ್ಕೆ ಅವರು 'ಮುಖ್ಯ ಬೀದಿ' ಎನ್ನುತ್ತಿದ್ದರು: 1,100 ಅಡಿ ಉದ್ದ, 26 ಅಡಿ ಅಗಲ, 28 ಅಡಿ ಎತ್ತರ. ಲಾರಿ ಸಲೀಸಾಗಿ ಹೋಗಬಹುದು.

ಸುರಂಗಗಳೊಳಗೆ ಮರದ ಮನೆಗಳನ್ನು ಜೋಡಿಸಿದರು. ಮನೆಯ ಬಿಸಿ ಗೋಡೆಯ ಮಂಜನ್ನು ಕರಗಿಸಬಾರದೆಂದು ಎರಡರ ನಡುವೆ ಗಾಳಿಯಾಡಲು ತೆರಪು ಬಿಟ್ಟರು. ಅಡುಗೆಮನೆ, ಊಟದ ಹಾಲು, ಆಸ್ಪತ್ರೆ, ಗ್ರಂಥಾಲಯ, ಕ್ಷೌರದ ಕೋಣೆ, ಪ್ರಾರ್ಥನಾಮಂದಿರ, ಚಿತ್ರಮಂದಿರ ಎಲ್ಲವೂ ಇದ್ದವು. ಇನ್ನೂರರವರೆಗೂ ಜನ ವಾಸಿಸಬಹುದಾಗಿತ್ತು. ಬೆಳಕಿಗೂ ಬಿಸಿಗೂ ಒಂದು ಪರಮಾಣು ಸ್ಥಾವರ! ಸುಮಾರು ನಾನೂರು ಟನ್ ತೂಕದ ಬಿಡಿಭಾಗಗಳನ್ನು ಹಡಗಿನಲ್ಲಿ ತಂದು, ಜಾರುಬಂಡಿಗಳಲ್ಲಿ ಎಳೆದು, ಒಂದು ಸುರಂಗದಲ್ಲಿ ಜೋಡಿಸಿ, 1960ರ ಅಕ್ಟೋಬರಿನಲ್ಲಿ ಚಾಲನೆಗೊಳಿಸಿದರು.

ಇಷ್ಟನ್ನು ಓದಿದ ಮೇಲೆ ಇದೆಂತಹ ರಹಸ್ಯ ನೆಲೆ ಎಂದು ಓದುಗರು ಕೇಳಬಹುದು. ಏಕೆಂದರೆ ಅಮೆರಿಕ ಇದನ್ನು ಬಚ್ಚಿಡಲೇ ಇಲ್ಲ. ಸೇನೆಯೇ ಸಾಕ್ಷ್ಯಚಿತ್ರ ಮಾಡಿತು. ಹೆಸರಾಂತ ದೂರದರ್ಶನ ವರದಿಗಾರ ವಾಲ್ಟರ್ ಕ್ರಾಂಕೈಟ್ ಅಲ್ಲಿಗೆ ಹೋಗಿ ಬಂದು ಕಾರ್ಯಕ್ರಮ ನೀಡಿದರು. ಅಮೆರಿಕದ ಒಬ್ಬ, ಡೆನ್ಮಾರ್ಕಿನ ಒಬ್ಬ, ಹೀಗೆ ಇಬ್ಬರು ಸ್ಕೌಟ್ ಹುಡುಗರನ್ನು ಆರಿಸಿ ಚಳಿಗಾಲದಲ್ಲಿ ತಿಂಗಳುಗಟ್ಟಲೆ ಅಲ್ಲಿ ಇರಿಸಿಕೊಂಡರು. ಶಾಲೆಯಲ್ಲಿ ಸ್ಕೌಟಿನ ನೀಲಿ ಸ್ಕಾರ್ಫ್ ಕಟ್ಟುವ ನನ್ನ ಮಗಳಿಗೆ ಇಡೀ ಕಥೆಯಲ್ಲಿ ಬಹಳ ಹಿಡಿಸಿದ್ದು ಈ ಭಾಗವೇ. ಧ್ರುವಪ್ರದೇಶದ ವಿಜ್ಞಾನ ಸಂಶೋಧನೆ, ಶೀತಲ ನಾಡಿನಲ್ಲಿ ಕಟ್ಟಡ ಕಟ್ಟುವ ಪ್ರಯೋಗ: ಹೊರಗೆ ಹೇಳಿದ್ದು ಇಷ್ಟು. ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಸಾಕ್ಷಿಕಟ್ಟೆಯಲ್ಲಿ ಇಂತಹ ಸಾಕ್ಷಿಗಳನ್ನು ನಾನು ಇಪ್ಪತ್ತು ವರ್ಷಗಳಿಂದ ಕಂಡಿದ್ದೇನೆ. ಅವರ ಮಾತಿನಲ್ಲಿ ತಪ್ಪು ಸಿಗುವುದಿಲ್ಲ, ಕೇಳದ ಪ್ರಶ್ನೆಗೆ ಉತ್ತರವೂ ಸಿಗುವುದಿಲ್ಲ.

ಕೇಳದ ಪ್ರಶ್ನೆಯ ಹೆಸರು 'ಐಸ್‌ವರ್ಮ್', ಎಂದರೆ ಮಂಜಿನ ಹುಳು. ಭೂಸೇನೆಯ ಈ ಯೋಜನೆಯಲ್ಲಿ ಮೂರು ಕಿಲೋಮೀಟರ್ ಸುರಂಗ ಕೇವಲ ಮಾದರಿ. ಮುಂದೆ ಕೊರೆಯಬೇಕೆಂದಿದ್ದುದು ಸುಮಾರು ನಾಲ್ಕು ಸಾವಿರ ಕಿಲೋಮೀಟರ್. ಡೆನ್ಮಾರ್ಕಿನ ಮೂರು ಪಟ್ಟು ವಿಸ್ತಾರದ ಪ್ರದೇಶದಲ್ಲಿ ಅವು ಹರಡಿಕೊಳ್ಳಬೇಕಾಗಿದ್ದವು. ಅವುಗಳೊಳಗೆ 600 ಪರಮಾಣು ಕ್ಷಿಪಣಿಗಳನ್ನು ಅತ್ತಿಂದಿತ್ತ ಸಾಗಿಸುತ್ತಿದ್ದರೆ ಯಾವುದು ಎಲ್ಲಿದೆಯೆಂದು ರಷ್ಯದವರಿಗೆ ತಿಳಿಯದು. ನೋಡಿಕೊಳ್ಳಲು ಹನ್ನೊಂದು ಸಾವಿರ ಸೈನಿಕರು, ಹಾರಿಸಲು 60 ನಿಯಂತ್ರಣ ಕೇಂದ್ರಗಳು. ಕ್ಷಿಪಣಿಗಳು ವಾಯುಸೇನೆಗೆ ಮತ್ತು ನೌಕಾಸೇನೆಗೆ ಮಾತ್ರ ಏಕೆ, ನಮಗೂ ಪಾಲಿರಲಿ ಎಂಬ ಭೂಸೇನೆಯ ಹಂಬಲವೂ ಇದರ ಹಿಂದೆ ಇತ್ತು. ತನ್ನ ನೆಲದಲ್ಲಿ ಪರಮಾಣು ಅಸ್ತ್ರಗಳಿಗೆ ಅವಕಾಶವಿಲ್ಲವೆಂದು 1957ರಲ್ಲಿ ಸಾರಿದ್ದ ಡೆನ್ಮಾರ್ಕಿಗೆ ಈ ಯೋಜನೆಯನ್ನು ತಿಳಿಸಿರಲಿಲ್ಲ. ಆದರೆ ಅದೇ ವರ್ಷ ಡೆನ್ಮಾರ್ಕಿನ ಪ್ರಧಾನಿ ಎಚ್. ಸಿ. ಹ್ಯಾನ್ಸನ್ ಅಮೆರಿಕದ ರಾಯಭಾರಿಗೆ ಗುಟ್ಟಾಗಿ ಕೊಟ್ಟ ಟಿಪ್ಪಣಿಯೊಂದರಲ್ಲಿ, ಗ್ರೀನ್‌ಲ್ಯಾಂಡಿನಲ್ಲಿ ಅಸ್ತ್ರಗಳನ್ನಿಡುವುದಕ್ಕೆ ಆಕ್ಷೇಪವನ್ನೇ ಎತ್ತದೆ ಬಿಟ್ಟಿದ್ದರು. ಆ ಟಿಪ್ಪಣಿ 1995ರಲ್ಲಿ ಬೆಳಕಿಗೆ ಬಂದು ಡೆನ್ಮಾರ್ಕಿನಲ್ಲಿ ಕೋಲಾಹಲವಾಯಿತು. ಆಮೇಲೆ ನಡೆದ ತನಿಖೆಯ ವರದಿ 1997ರಲ್ಲಿ ಪ್ರಕಟವಾದಾಗ ಐಸ್‌ವರ್ಮ್ ಹೆಸರು ಜಗತ್ತಿಗೆ ತಿಳಿಯಿತು.

ಅಷ್ಟರಲ್ಲಿ ಯೋಜನೆ ಸತ್ತು ಮೂವತ್ತು ವರ್ಷಗಳು ಕಳೆದಿದ್ದವು. ಅದನ್ನು ಕೊಂದದ್ದು ಶತ್ರುವಲ್ಲ. ಮಂಜುಗಡ್ಡೆ ಕಲ್ಲಿನಂತೆ ಕಂಡರೂ ಕಲ್ಲಲ್ಲ. ತನ್ನ ಭಾರದಿಂದಲೇ ಅದು ಬಲು ನಿಧಾನವಾಗಿ ಹರಿಯುತ್ತದೆ, ಗಟ್ಟಿಬೆಲ್ಲದ ಪಾಕದಂತೆ. ಎಂಜಿನಿಯರುಗಳಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಇಷ್ಟು ಬೇಗ ಎಂದು ಗೊತ್ತಿರಲಿಲ್ಲ. ಗೋಡೆಗಳು ಒಳಕ್ಕೆ ಉಬ್ಬಿದವು, ಚಾವಣಿಗಳು ತಗ್ಗಿದವು. ಸೈನಿಕರು ದಿನವೂ ಗೋಡೆಗಳನ್ನು ಕೆತ್ತಿ ಹಿಮವನ್ನು ಹೊರಸಾಗಿಸಬೇಕಾಯಿತು. ಪರಮಾಣು ಸ್ಥಾವರದ ಕೋಣೆಯ ಚಾವಣಿ ಎಷ್ಟು ಕುಸಿಯಿತೆಂದರೆ ಅದನ್ನು ಐದು ಅಡಿ ಮೇಲೆತ್ತಬೇಕಾಗಿ ಬಂತು. ಮೂರು ಕಿಲೋಮೀಟರನ್ನೇ ಕಾಪಾಡಲಾಗದವರು ನಾಲ್ಕು ಸಾವಿರ ಕಿಲೋಮೀಟರಿನಲ್ಲಿ ಕ್ಷಿಪಣಿ ಓಡಿಸುವುದೆಂತು? 1963ರಲ್ಲಿ ಸ್ಥಾವರವನ್ನು ನಿಲ್ಲಿಸಿ ಮರುವರ್ಷ ಬಿಚ್ಚಿಕೊಂಡು ಹೋದರು. ಕೆಲವು ಬೇಸಗೆಗಳ ಬಳಿಕ ಉಳಿದವರೂ ಹೊರಟುಹೋದರು.

ಹೋಗುವ ಮುನ್ನ ಒಂದು ಒಳ್ಳೆಯ ಕೆಲಸ ನಡೆಯಿತೆನ್ನಬೇಕು. 1966ರಲ್ಲಿ ವಿಜ್ಞಾನಿಗಳು ಅಲ್ಲಿಂದ ಸುಮಾರು 1,390 ಮೀಟರ್ ಕೊರೆದು ಮಂಜಿನ ತಳವನ್ನು ಮುಟ್ಟಿದರು. ಹಾಗೆ ಮೇಲಿನಿಂದ ಕೆಳಗಿನವರೆಗೆ ತೆಗೆದ ಕಂಬದಂತಹ ಮಂಜಿನ ಮಾದರಿಯನ್ನು ಪರೀಕ್ಷಿಸಿ ಡೆನ್ಮಾರ್ಕಿನ ವಿಲ್ಲಿ ಡಾನ್ಸ್‌ಗೋರ್ ಸಾವಿರಾರು ವರ್ಷಗಳ ಹವಾಮಾನವನ್ನು ಓದಿದರು. ತಳದಿಂದ ಬಂದ ಮೂರೂವರೆ ಮೀಟರ್ ಹೆಪ್ಪುಗಟ್ಟಿದ ಮಣ್ಣು ಮಾತ್ರ ಶೀತಪೆಟ್ಟಿಗೆಯಲ್ಲಿ ದಶಕಗಳ ಕಾಲ ಮರೆತುಹೋಗಿತ್ತು. ಇತ್ತೀಚೆಗೆ ಅದನ್ನು ಕರಗಿಸಿ ನೋಡಿದರೆ ಸಣ್ಣ ಕಡ್ಡಿಗಳು, ಎಲೆಯ ತುಣುಕುಗಳು! ಸುಮಾರು ನಾಲ್ಕು ಲಕ್ಷ ವರ್ಷಗಳ ಹಿಂದೆ ಅಲ್ಲಿ ಮಂಜಿರಲಿಲ್ಲ, ಹಸಿರು ಇತ್ತೆಂದು 2023ರಲ್ಲಿ ಪ್ರಕಟವಾಯಿತು.

ಇನ್ನು ನನ್ನ ಕಸುಬಿನ ಮಾತಿಗೆ ಬರುತ್ತೇನೆ. ಬಿಟ್ಟುಹೋದ ಆ ಊರಿನಲ್ಲಿ ಸುಮಾರು ಎರಡು ಲಕ್ಷ ಲೀಟರ್ ಡೀಸೆಲ್, ವಿಷರಾಸಾಯನಿಕಗಳು, ಶೌಚದ ಕೊಳಚೆ, ಸ್ಥಾವರದ ಅಲ್ಪ ವಿಕಿರಣದ ತ್ಯಾಜ್ಯನೀರು ಉಳಿದಿವೆಯೆಂದು 2016ರ ಅಧ್ಯಯನವೊಂದು ಲೆಕ್ಕಹಾಕಿತು. ಹಿಮ ಎಂದೆಂದಿಗೂ ಬೀಳುತ್ತಿರುತ್ತದೆ, ಎಲ್ಲವನ್ನೂ ಹೂಳುತ್ತದೆ ಎಂಬ ನಂಬಿಕೆಯಿಂದ ಬಿಟ್ಟದ್ದು. ಭೂಮಿ ಬಿಸಿಯಾಗುತ್ತಿದ್ದರೆ ಈ ಶತಮಾನದ ಕೊನೆಗೆ ಅಲ್ಲಿ ಬೀಳುವುದಕ್ಕಿಂತ ಕರಗುವುದೇ ಹೆಚ್ಚಾದೀತು ಎಂದು ಆ ಅಧ್ಯಯನ ಎಚ್ಚರಿಸಿತು. 2100ರವರೆಗೆ ಹಾಗಾಗದು ಎಂದು 2021ರ ಇನ್ನೊಂದು ಅಧ್ಯಯನ ಹೇಳಿತು. ಎಂದಾದರೂ ಹೊರಬಂದರೆ ತೆಗೆಯಬೇಕಾದವರು ಯಾರು?

ನಮ್ಮ ಸ್ವತ್ತು ಹಸ್ತಾಂತರ ಕಾಯ್ದೆಯ 108ನೆಯ ಸೆಕ್ಷನಿನ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ, ಗುತ್ತಿಗೆದಾರನು ಸಹಜ ಸವಕಳಿಯನ್ನು ಬಿಟ್ಟು, ಪಡೆದಾಗಿನ ಸ್ಥಿತಿಯಲ್ಲಿಯೇ ಸ್ವತ್ತನ್ನು ಮರಳಿಸಬೇಕು. ಪೇಟೆಯ ಒಂದು ಅಂಗಡಿಕೋಣೆಗೂ ಈ ನಿಯಮವಿದೆ. 1951ರ ಒಪ್ಪಂದದ ಹನ್ನೊಂದನೆಯ ವಿಧಿ ಇದಕ್ಕೆ ತಿರುಗುಮುರುಗು: ಅಮೆರಿಕಕ್ಕೆ ಒದಗಿಸಿದ ಪ್ರದೇಶಗಳನ್ನು ಮೊದಲಿದ್ದ ಸ್ಥಿತಿಯಲ್ಲಿ ಬಿಟ್ಟುಹೋಗಬೇಕಾಗಿಲ್ಲ ಎನ್ನುತ್ತದೆ ಅದು. ಆ ಒಪ್ಪಂದಕ್ಕೆ ರುಜುಹಾಕಿದವರು ಎರಡು ಸರಕಾರಗಳ ಪ್ರತಿನಿಧಿಗಳು. ಗ್ರೀನ್‌ಲ್ಯಾಂಡಿನವರು ಯಾರೂ ಇಲ್ಲ. ಅವರ ರುಜು ಬಿದ್ದುದು 2004ರಲ್ಲಿ, ಒಪ್ಪಂದವನ್ನು ತಿದ್ದಿದಾಗ. 1953ರಲ್ಲಿ ಜನಮತಗಣನೆ ನಡೆದು, ಹೊಸ ಸಂವಿಧಾನದ ಮೂಲಕ ಗ್ರೀನ್‌ಲ್ಯಾಂಡನ್ನು ಡೆನ್ಮಾರ್ಕಿನ ಭಾಗವಾಗಿಸಿದಾಗಲೂ ಗ್ರೀನ್‌ಲ್ಯಾಂಡಿನವರಿಗೆ ಮತವಿರಲಿಲ್ಲ. 1956ರ ನವೆಂಬರ್ ಒಂದರ ಬೆಳಗ್ಗೆ ಎದ್ದು ತಾವು ಯಾವ ರಾಜ್ಯದವರೆಂದು ತಿಳಿದುಕೊಂಡ ನಮ್ಮ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆ ಸಂವಿಧಾನ ಜಾರಿಯಾದುದು 1953ರ ಜೂನ್ 5ರಂದು. ಅದಕ್ಕೆ ಕೆಲವೇ ದಿನ ಮುಂಚೆ, ಮೇ ತಿಂಗಳ ಕೊನೆಯಲ್ಲಿ, ತೂಲೆ ನೆಲೆಯ ಪಕ್ಕದ ಉಮ್ಮನ್ನಾಕ್ ಎಂಬ ಊರಿನ ಇನುಗ್ವಿಟ್ ಬೇಟೆಗಾರರಿಗೆ ನಾಲ್ಕು ದಿನಗಳಲ್ಲಿ ಹೊರಡಬೇಕೆಂದು ಅಪ್ಪಣೆಯಾಯಿತು. ಇಪ್ಪತ್ತೇಳು ಕುಟುಂಬಗಳು, 116 ಮಂದಿ. ನಾಯಿಬಂಡಿಗಳಲ್ಲಿ ಹಿಡಿಸಿದಷ್ಟನ್ನು ಹೇರಿಕೊಂಡು ನೂರು ಕಿಲೋಮೀಟರಿಗೂ ಹೆಚ್ಚು ಉತ್ತರಕ್ಕೆ, ಕಾನಾಕ್ ಎಂಬಲ್ಲಿಗೆ ಹೋದರು. ಮನೆಗಳು ಸಿದ್ಧವಾಗುವವರೆಗೆ ಡೇರೆಗಳಲ್ಲಿದ್ದರು. ಅವರು ತಾವಾಗಿಯೇ ಹೋದರೆಂದು ದಶಕಗಳ ಕಾಲ ಸರಕಾರ ಹೇಳುತ್ತಿತ್ತು. 1996ರಲ್ಲಿ ಅವರು ದಾವೆ ಹೂಡಿದರು. 1999ರಲ್ಲಿ ಉಚ್ಚ ನ್ಯಾಯಾಲಯ ಆ ಸ್ಥಳಾಂತರ ಕಾನೂನುಬಾಹಿರವೆಂದು ತೀರ್ಪಿತ್ತಿತು. ಸಮುದಾಯಕ್ಕೆ ಒಟ್ಟಾಗಿ ಐದು ಲಕ್ಷ ಕ್ರೋನರ್ ಪರಿಹಾರ, ಬದುಕಿದ್ದವರಿಗೆ ತಲಾ ಹದಿನೈದೋ ಇಪ್ಪತ್ತೈದೋ ಸಾವಿರ. ಪ್ರಧಾನಿ ಕ್ಷಮೆ ಕೇಳಿದರು. 2003ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನೇ ಎತ್ತಿಹಿಡಿಯಿತು. ಆದರೆ ಮರಳಿ ಹೋಗುವ ಹಕ್ಕನ್ನು ಕೊಡಲಿಲ್ಲ. ಅವರು ಉಳಿದ ಗ್ರೀನ್‌ಲ್ಯಾಂಡಿಗರಿಂದ ಭಿನ್ನವಾದ ಪ್ರತ್ಯೇಕ ಜನಾಂಗವಲ್ಲ ಎಂದಿತು. ಗೆದ್ದ ಕಕ್ಷಿದಾರನು ಕಚೇರಿಯ ಮೆಟ್ಟಿಲಿಳಿಯುತ್ತ ಸೋತವನಂತೆ ಕಾಣುವುದನ್ನು ನಾನು ನೋಡಿದ್ದೇನೆ. ತೀರ್ಪಿನ ದಿನ ಕಾನಾಕಿನಲ್ಲಿ ಹೇಗಿತ್ತೋ ಎಂದು ಎಷ್ಟೋ ಸಲ ಯೋಚಿಸಿದ್ದೇನೆ.

2024ರ ಎಪ್ರಿಲಿನಲ್ಲಿ ನಾಸಾದ ವಿಮಾನವೊಂದು ಮಂಜಿನ ದಪ್ಪವನ್ನು ಅಳೆಯುತ್ತ ಅಲ್ಲಿ ಹಾರಿತು. ಅದರ ರಾಡಾರ್ ಚಿತ್ರದಲ್ಲಿ, ಮಂಜಿನಡಿ ಸುಮಾರು ಮೂವತ್ತು ಮೀಟರ್ ಆಳದಲ್ಲಿ, ಕ್ಯಾಂಪ್ ಸೆಂಚುರಿಯ ಸುರಂಗಗಳು ಗೆರೆಗಳಾಗಿ ಮೂಡಿದವು. ಆ ಚಿತ್ರವನ್ನು ಮಗಳಿಗೆ ತೋರಿಸಿದೆ. ಅವಳು ಬಹಳ ಹೊತ್ತು ನೋಡಿ, "ಅಷ್ಟೆಲ್ಲ ಕೊರೆದರಲ್ಲ, ಅವರಿಗೆ ನೀರು ಸಿಕ್ಕಿತೇ?" ಎಂದಳು.

ಸಿಕ್ಕಿತು ಎಂದೆ. ಬಿಸಿ ಹಬೆಯನ್ನು ಕೆಳಗಿಳಿಸಿ ಮಂಜಿನೊಳಗೆ ಬಾವಿಯೊಂದನ್ನು ಕರಗಿಸಿದ್ದರು; ದಿನಕ್ಕೆ ಹತ್ತು ಸಾವಿರ ಗ್ಯಾಲನ್ ನೀರು ಸಿಗುತ್ತಿತ್ತು. ಎಷ್ಟೋ ಕಾಲ ಹಿಂದೆ ಬಿದ್ದ ಹಿಮದ ನೀರು. ಅವರು ಅದರಲ್ಲಿ ಬಟ್ಟೆ ಒಗೆದರು, ಕಾಫಿ ಕಾಯಿಸಿದರು, ಬಳಸಿದ ಕೊಳೆನೀರನ್ನು ಪಕ್ಕದಲ್ಲಿಯೇ ಇನ್ನೊಂದು ಗುಂಡಿಗೆ ಬಿಟ್ಟರು.