ಐದು ಮಾತ್ರೆ, ಒಂದು ಉದ್ದನೆಯ ಚೀಟಿ

ಔಷಧದ ಡಬ್ಬಿಯೊಳಗೆ ಮಡಚಿಟ್ಟ ಚೀಟಿಯನ್ನು ಓದುವವರು ನಮ್ಮಲ್ಲಿ ಕಡಿಮೆ. ಓದಿದವರು ಹೆದರುತ್ತಾರೆ. ನನ್ನ ತಂಗಿಯ ಮಗಳು ಓದಿದಳು. ಮದುವೆಯಾಗಿ ನಾಲ್ಕು ವರ್ಷ; ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ. ಅಂಡಾಣು ಸರಿಯಾಗಿ ಬಿಡುಗಡೆಯಾಗುತ್ತಿಲ್ಲವೆಂದು ವೈದ್ಯರು 50 ಮಿಲಿಗ್ರಾಂ ಕ್ಲೋಮಿಫೀನ್ ಮಾತ್ರೆಯನ್ನು ಐದು ದಿನಕ್ಕೆ ಬರೆದುಕೊಟ್ಟಿದ್ದರು. ಚೀಟಿ ಓದಿದ ಮೇಲೆ ಮಾತ್ರೆ ಬೀರುವಿನಲ್ಲೇ ಉಳಿಯಿತು. ಅತ್ತೆಗೆ ಹೇಳುವಂತಿಲ್ಲ, ಅಮ್ಮನಿಗೆ ಹೇಳಿದರೆ ಅಳುತ್ತಾಳೆ. ನನಗೆ ಫೋನ್ ಮಾಡಿ, "ಮಾವ, ನೀವು ಸೈನ್ಸ್ ಮೇಷ್ಟ್ರಲ್ವಾ, ಇದರಿಂದ ಕ್ಯಾನ್ಸರ್ ಬರುತ್ತಾ?" ಎಂದಳು.

ನಾನು ಬಿ.ಎಸ್ಸಿ., ಬಿ.ಎಡ್.; ವೈದ್ಯನಲ್ಲ. ಆದರೆ ಈ ಮಾತ್ರೆಯ ಕೆಲಸವನ್ನು ಹಾರ್ಮೋನುಗಳ ಪಾಠ ಕೇಳಿದ ಯಾವ ವಿದ್ಯಾರ್ಥಿಯೂ ಅರ್ಥಮಾಡಿಕೊಳ್ಳಬಲ್ಲ. ಮನೆಯ ಮೇಲಿನ ನೀರಿನ ಟ್ಯಾಂಕನ್ನು ನೋಡಿ. ನೀರು ತುಂಬಿದಂತೆ ತೇಲುಗುಂಡು ಏರಿ ಮೋಟಾರನ್ನು ನಿಲ್ಲಿಸುತ್ತದೆ. ನಮ್ಮ ಮೆದುಳಿನ ಹೈಪೋಥಲಾಮಸ್ ಹೀಗೆಯೇ ರಕ್ತದಲ್ಲಿರುವ ಈಸ್ಟ್ರೋಜನ್ನನ್ನು ಗಮನಿಸುತ್ತಿರುತ್ತದೆ. ಕ್ಲೋಮಿಫೀನ್ ಆ ಗುಂಡನ್ನು ಕೆಳಗೇ ಹಿಡಿದಿಟ್ಟಂತೆ. ಈಸ್ಟ್ರೋಜನ್ ಸಾಲದೆಂದು ಮೆದುಳು ಭಾವಿಸುತ್ತದೆ, ಪಿಟ್ಯುಟರಿ ಗ್ರಂಥಿಗೆ ಅವಸರದ ಸಂದೇಶ ಹೋಗುತ್ತದೆ, ಅಂಡಾಶಯ ಎಚ್ಚರಗೊಳ್ಳುತ್ತದೆ. ಒಂದು ಜಾಣ ಸುಳ್ಳು, ಅಷ್ಟೆ. ಅಮೆರಿಕದಲ್ಲಿ 1967ರಲ್ಲಿ ಒಪ್ಪಿಗೆ ಪಡೆದ ಔಷಧವಿದು.

ಈ ಸುಳ್ಳಿಗೆ ಬೆಲೆಯೂ ಇದೆ. ನೂರರಲ್ಲಿ ಸುಮಾರು ಹತ್ತು ಮಂದಿಗೆ ಇದ್ದಕ್ಕಿದ್ದಂತೆ ಮೈ ಬಿಸಿಯೇರುತ್ತದೆ. ಕೆಲವರಿಗೆ ಹೊಟ್ಟೆಯುಬ್ಬರ, ತಲೆನೋವು. ನೂರು ಗರ್ಭಗಳಲ್ಲಿ ಏಳೆಂಟು ಅವಳಿ. ನೂರಕ್ಕೆ ಇಬ್ಬರಿಗಿಂತ ಕಡಿಮೆ ಜನರಿಗೆ ಕಣ್ಣು ಮಂಜಾಗುವುದು, ಮಿಂಚು ಕಾಣುವುದು ಉಂಟು. ಹಾಗಾದರೆ ಮಾತ್ರೆ ನಿಲ್ಲಿಸಿ ಅಂದೇ ವೈದ್ಯರಿಗೆ ತಿಳಿಸಬೇಕು, ಸ್ಕೂಟರ್ ಮುಟ್ಟಬಾರದು. ಹೊಟ್ಟೆ ವಿಪರೀತ ಊದಿ ನೋವು, ಉಸಿರಾಟಕ್ಕೆ ಕಷ್ಟ ಬಂದರೆ ಕಾಯಲೇಬಾರದು, ಇದು ಅಪರೂಪ. ಚೀಟಿಯಲ್ಲಿ ಮಾತ್ರ ಎಲ್ಲವೂ ಒಂದೇ ಗಾತ್ರದ ಅಕ್ಷರ! ಹತ್ತರಲ್ಲಿ ಒಬ್ಬರಿಗೆ ಆಗುವುದೂ ಎಲ್ಲೋ ಒಬ್ಬರಿಗೆ ಆಗುವುದೂ ಅಕ್ಕಪಕ್ಕ ಕೂತಿರುತ್ತವೆ.

ಕ್ಯಾನ್ಸರಿನ ಮಾತು ಬಂದದ್ದು 1994ರಲ್ಲಿ. ಹನ್ನೆರಡು ಅಥವಾ ಹೆಚ್ಚು ಋತುಚಕ್ರಗಳಲ್ಲಿ ಇದನ್ನು ನುಂಗಿದವರಲ್ಲಿ ಅಂಡಾಶಯದ ಗಡ್ಡೆಗಳು ಹೆಚ್ಚೆಂದು ಅಮೆರಿಕದ ಅಧ್ಯಯನವೊಂದು ಹೇಳಿತು. ಆಮೇಲಿನ ದೊಡ್ಡ ಅಧ್ಯಯನಗಳು ಹೆಚ್ಚಿನವು ಆ ಭಯವನ್ನು ಎತ್ತಿಹಿಡಿಯಲಿಲ್ಲ. ಆದರೂ ಸಾಮಾನ್ಯವಾಗಿ ಆರು ಚಕ್ರಗಳಿಗಿಂತ ಹೆಚ್ಚು ಕೊಡುವುದಿಲ್ಲ. ಪಕ್ಕದ ಮನೆಯಾಕೆ "ಸರ್ಕಾರ ನಿಷೇಧಿಸಿದ ಮಾತ್ರೆ" ಎಂದದ್ದು ಇನ್ನೊಂದರ ವಿಷಯ. ಲೆಟ್ರೊಜೋಲನ್ನು ಬಂಜೆತನಕ್ಕೆ ಬಳಸದಂತೆ ಭಾರತದಲ್ಲಿ 2011ರಲ್ಲಿ ತಡೆದಿದ್ದರು, 2017ರಲ್ಲಿ ತಡೆ ತೆರವಾಯಿತು.

ಇಷ್ಟೆಲ್ಲ ಹೇಳಿ, ನಾನೇ ಒಂದು ಪ್ರಶ್ನೆ ಕೇಳಿದೆ. ಸೋದರಮಾವ ಕೇಳುವ ಪ್ರಶ್ನೆಯಲ್ಲ, ಆದರೂ ಕೇಳಿದೆ: "ನಿನ್ನ ಗಂಡನ ವೀರ್ಯಪರೀಕ್ಷೆ ಆಗಿದೆಯೇನಮ್ಮ?" ಆಗಿರಲಿಲ್ಲ. ನಾಲ್ಕು ವರ್ಷ ವ್ರತ, ಹರಕೆ, ರಕ್ತಪರೀಕ್ಷೆ ಎಲ್ಲವೂ ಹುಡುಗಿಯ ಪಾಲಿಗೇ. ನನಗೆ ಮಾತ್ರೆಗಿಂತ ಹೆಚ್ಚು ಸಿಟ್ಟು ಬಂದದ್ದು ಇದಕ್ಕೆ.

ತನ್ನ ಅನುಮಾನಗಳನ್ನು ಒಂದು ಹಾಳೆಯಲ್ಲಿ ಬರೆದು ವೈದ್ಯರ ಮುಂದಿಡಲು ಹೇಳಿದೆ. ಗಂಡನೂ ಜೊತೆಗೆ ಹೋದ. ಅವನ ಪರೀಕ್ಷೆಯಾಯಿತು, ದೋಷವಿರಲಿಲ್ಲ. ಮುಂದಿನ ಚಕ್ರದಲ್ಲಿ ಮಾತ್ರೆ ಶುರುವಾಯಿತು, ಅಂಡ ಬೆಳೆದಿದೆಯೇ ನೋಡಲು ಸ್ಕ್ಯಾನಿಂಗಿಗೆ ದಿನ ಕೊಟ್ಟರು. ಮೂರನೆಯ ದಿನ ರಾತ್ರಿ ಫೋನ್ ಮಾಡಿ, "ಮೈಯೆಲ್ಲ ಬಿಸಿ ಮಾವ, ನೀವು ಹೇಳಿದ ಹತ್ತು ಮಂದಿಯಲ್ಲಿ ನಾನೂ ಒಬ್ಬಳು" ಎಂದು ನಕ್ಕಳು. ಸ್ಕ್ಯಾನಿಂಗ್ ಕಳೆದ ವಾರ ಆಗಿರಬೇಕು. ಅವಳಾಗಿ ಹೇಳಿಲ್ಲ, ನಾನೂ ಕೇಳಿಲ್ಲ.