ಕೂತು ಕೊಡುವ ಅಳತೆ

ಒಳಲಂಗದ ಲಾಡಿ ಅರ್ಧ ಬೆರಳಿನಷ್ಟೂ ಅಗಲ ಇರುವುದಿಲ್ಲ. ಐದೂವರೆ ಮೀಟರ್ ಸೀರೆಯ ನೆರಿಗೆ, ಸುತ್ತು, ಮಳೆಗಾಲದಲ್ಲಿ ಅದು ಕುಡಿದ ನೀರು, ಎಲ್ಲದರ ಭಾರವೂ ಆ ಒಂದು ದಾರದ ಮೇಲೆ. ಹಾಗಾಗಿ ಬೆಳಗ್ಗೆ ಉಸಿರು ಬಿಗಿಹಿಡಿದು, ಹೊಟ್ಟೆ ಒಳಗೆಳೆದುಕೊಂಡು ಗಂಟು ಹಾಕುತ್ತೇವೆ. ಅದನ್ನು ಬಿಚ್ಚುವುದು ಇನ್ನು ರಾತ್ರಿಯೇ. ಐವರ್ನಾಡಿನ ನಮ್ಮ ಹಿರಿಯ ಹೆಂಗಸರಲ್ಲಿ ಎಷ್ಟೋ ಮಂದಿಯ ಸೊಂಟದ ಸುತ್ತ ಒಂದು ಕಪ್ಪು ಗೆರೆ ಇದೆ. ಮುಟ್ಟಿ ನೋಡಿದರೆ ಅಲ್ಲಿನ ಚರ್ಮ ದಪ್ಪ, ಒರಟು. ಗಂಟು ಕೂರುವ ಬದಿಯಲ್ಲಿ ಒಂದು ತಗ್ಗು. ಸೆಕೆಗಾಲದಲ್ಲಿ ಆ ಗೆರೆಯಲ್ಲೇ ಬೆವರು ನಿಂತು ತುರಿಸುತ್ತದೆ, ತುರಿಸಿದಲ್ಲಿ ಹೊಟ್ಟು ಏಳುತ್ತದೆ. ಸ್ವಲ್ಪ ತೆಂಗಿನೆಣ್ಣೆ ಹಚ್ಚಿ, ಅದರ ಮೇಲೆಯೇ ಮತ್ತೆ ಲಾಡಿ ಬಿಗಿಯುತ್ತಾರೆ.

“ಸಡಿಲ ಕಟ್ಟಿದ್ರೆ ಸೀರೆ ನಿಲ್ತದಾ ಮಾರಾಯ್ತಿ? ತಲೆ ಮೇಲೆ ಸೊಪ್ಪು, ಕೈಯಲ್ಲಿ ಬುಟ್ಟಿ. ಜಾರಿದ್ರೆ ಹಿಡಿಯುವುದು ಯಾರು?” ಎಂದು ನೆರೆಮನೆಯ ಅಕ್ಕ ಕೇಳಿದ್ದರು. ಅವರ ಪ್ರಶ್ನೆಯಲ್ಲಿ ತಪ್ಪಿಲ್ಲ. ಬಿಗಿ ಉಡುಪು ಎಂದ ತಕ್ಷಣ ಜನ ಕಾಲೇಜು ಹುಡುಗಿಯರ ಜೀನ್ಸಿನ ಕಡೆ ಬೆರಳು ತೋರಿಸುತ್ತಾರೆ. ನಮ್ಮಲ್ಲಿ ಬಿಗಿತ ಶೋಕಿಯಿಂದ ಬಂದದ್ದಕ್ಕಿಂತ ಕೆಲಸದಿಂದ, ಮಾನದ ಹೆದರಿಕೆಯಿಂದ ಬಂದದ್ದೇ ಹೆಚ್ಚು. ತೋಟದಲ್ಲಿ ಬಗ್ಗಿ ಅಡಿಕೆ ಹೆಕ್ಕುವವಳು, ಗುಡ್ಡೆಯಿಂದ ಸೊಪ್ಪು ಹೊತ್ತು ಇಳಿಯುವವಳು, ಬೆಳಕು ಹರಿಯುವ ಮೊದಲೇ ರಬ್ಬರ್ ಟ್ಯಾಪಿಂಗಿಗೆ ಹೊರಡುವವಳು, ಇವರ ಎರಡೂ ಕೈ ಕೆಲಸದಲ್ಲಿರುತ್ತವೆ. ಸೀರೆ ಸರಿಪಡಿಸಲು ಮೂರನೆಯ ಕೈ ಇಲ್ಲ.

ಆ ಕಪ್ಪು ಗೆರೆಯನ್ನು ವೈದ್ಯರು ಬಹಳ ಹಿಂದೆಯೇ ಗಮನಿಸಿದ್ದಾರೆ. ಮುಂಬೈಯ ರೋಗಶಾಸ್ತ್ರಜ್ಞ ವಿ. ಆರ್. ಖಾನೋಲ್ಕರ್ ಮತ್ತು ಬಿ. ಸೂರ್ಯಾಬಾಯಿ 1945ರಲ್ಲೇ ಧೋತರ ಕಟ್ಟುವ ಜಾಗದಲ್ಲಿ ಏಳುವ ಚರ್ಮದ ಕ್ಯಾನ್ಸರಿನ ಬಗ್ಗೆ ಬರೆದಿದ್ದರು. 2024ರಲ್ಲಿ ವರ್ಧಾ ಮತ್ತು ಬಿಹಾರದ ಮಧುಬನಿಯ ವೈದ್ಯರು ಇಬ್ಬರು ವಯಸ್ಸಾದ ಹೆಂಗಸರ ಪ್ರಕರಣಗಳನ್ನು ಪ್ರಕಟಿಸಿದರು. ಎಪ್ಪತ್ತು ವರ್ಷದ ಒಬ್ಬರಿಗೆ ಸೊಂಟದ ಬಲಬದಿಯ ಹುಣ್ಣು ಒಂದೂವರೆ ವರ್ಷವಾದರೂ ಮಾಗಿರಲಿಲ್ಲ. ಅವರು ಲಂಗವನ್ನು ಬಿಗಿಯಾಗಿ ಕಟ್ಟುತ್ತಿದ್ದವರು. ಇನ್ನೊಬ್ಬರು ಒಳಲಂಗವೇ ಇಲ್ಲದೆ ‘ಲುಗಡಾ’ ಎಂಬ ಸೀರೆಯನ್ನು ಸೊಂಟಕ್ಕೆ ಬಿಗಿದು ಉಡುತ್ತಿದ್ದವರು; ಅವರಲ್ಲಿ ಕ್ಯಾನ್ಸರ್ ತೊಡೆಸಂದಿನ ಗ್ರಂಥಿಗೂ ಹಬ್ಬಿತ್ತು. ಲಂಗವಿದ್ದವರಿಗೂ ಇಲ್ಲದವರಿಗೂ ಬಂದಿದೆ ಎಂದಮೇಲೆ ದೋಷ ಲಂಗದ್ದಲ್ಲ, ಒಂದೇ ಗೆರೆಯ ಮೇಲೆ ವರ್ಷಗಟ್ಟಲೆ ಬೀಳುವ ಒತ್ತಡದ್ದು, ತಿಕ್ಕಾಟದ್ದು. ಚರ್ಮ ತೆಳುವಾಗುತ್ತದೆ, ಒಡೆಯುತ್ತದೆ, ಮಾಗುವ ಮೊದಲೇ ಮತ್ತೆ ಒಡೆಯುತ್ತದೆ. ಮಾಗದೆ ಉಳಿದ ಹಳೆಯ ಹುಣ್ಣು ಕೆಲವೊಮ್ಮೆ ಕ್ಯಾನ್ಸರಿಗೆ ತಿರುಗುತ್ತದೆ.

ಇದು ತೀರಾ ಅಪರೂಪ. ಹೆದರಿಸಲು ಹೇಳುತ್ತಿಲ್ಲ. ಆದರೆ ಸೊಂಟದಲ್ಲಿ ಮೂರು ನಾಲ್ಕು ವಾರ ಕಳೆದರೂ ಮಾಗದ ಹುಣ್ಣು ಇದ್ದರೆ ಅದನ್ನು ಸೀರೆಯೊಳಗೆ ಮುಚ್ಚಿಡಬಾರದು. ಸುಳ್ಯಕ್ಕೆ ಹೋಗಿ ತಾಲೂಕು ಆಸ್ಪತ್ರೆಯಲ್ಲೋ ಕೆ.ವಿ.ಜಿ. ಮೆಡಿಕಲ್ ಕಾಲೇಜಿನಲ್ಲೋ ತೋರಿಸಿಕೊಳ್ಳಬೇಕು. ನಾಚಿಕೆಯಿಂದ ದಿನ ದೂಡುವುದೇ ಇಲ್ಲಿ ದೊಡ್ಡ ಅಪಾಯ.

ದಿನನಿತ್ಯದ ತೊಂದರೆಗಳು ಇದಕ್ಕಿಂತ ಸಣ್ಣವು, ಹಾಗಾಗಿಯೇ ಯಾರೂ ಹೇಳುವುದಿಲ್ಲ. ಸೊಂಟಪಟ್ಟಿ ಬಿಗಿಯಾದರೆ ತೊಡೆಯ ಹೊರಮೈಗೆ ಹೋಗುವ ನರ ಒತ್ತಿಹೋಗಿ ಅಲ್ಲಿ ಉರಿ, ಜೋಮು ಬರುತ್ತದೆ. ವಾಯು ಎಂದು ಎಣ್ಣೆ ತಿಕ್ಕಿಸಿಕೊಂಡವರು ಎಷ್ಟೋ ಜನ. ಊಟವಾದ ಮೇಲೆ ಬಿಗಿ ಉಡುಪಿನಲ್ಲೇ ಬಗ್ಗಿ ಕೆಲಸ ಮಾಡಿದರೆ ಹೊಟ್ಟೆಯ ಹುಳಿ ಮೇಲೇರಿ ಎದೆಯುರಿ. ಮುಟ್ಟಿನ ದಿನಗಳಲ್ಲಿ ಹೊಟ್ಟೆ ಉಬ್ಬರಿಸಿದಾಗ ನಿನ್ನೆ ಸರಿಯಾಗಿದ್ದ ಚೂಡಿದಾರವೇ ಇವತ್ತು ಹಿಂಸೆ. ಬ್ರಾದಿಂದ ಸ್ತನ ಕ್ಯಾನ್ಸರ್ ಬರುತ್ತದೆ ಎಂಬ ಮಾತು ಮೊಬೈಲಿನಲ್ಲಿ ಆಗಾಗ ಓಡಾಡುತ್ತದೆ. ಅಮೆರಿಕದ ಸಿಯಾಟಲ್‌ನಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಂಥ ಸಂಬಂಧ ಕಾಣಲಿಲ್ಲ. ಆದರೆ ಅಳತೆ ತಪ್ಪಿದ ಬ್ರಾದ ಪಟ್ಟಿ ಹೆಗಲಲ್ಲಿ ಕೊರೆದ ಗುಳಿ, ಕುತ್ತಿಗೆನೋವು ಮಾತ್ರ ನಿಜ.

ನಮ್ಮ ಊರಿಗೆ ಮಳೆ ಬೇರೆ. ಸುಳ್ಯ ತಾಲೂಕಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಸುರಿಯುತ್ತದೆ. ಆಷಾಢದಲ್ಲಿ ಒಳಉಡುಪು ಪೂರ್ತಿ ಒಣಗುವುದೆಂದರೆ ಭಾಗ್ಯ. ಗಂಡಸರ ಪಂಚೆ, ಬೈರಾಸು ಜಗಲಿಯ ಹಗ್ಗದಲ್ಲಿ ಗಾಳಿಗೆ ಆಡುತ್ತವೆ. ಹೆಂಗಸರ ಒಳಬಟ್ಟೆ ಯಾರಿಗೂ ಕಾಣದಂತೆ ಬಚ್ಚಲುಮನೆಯ ಮೂಲೆಯಲ್ಲೋ ಇನ್ನೊಂದು ಬಟ್ಟೆಯ ಅಡಿಯಲ್ಲೋ ಇರುತ್ತವೆ. ತೇವ ಆರದ ಬಟ್ಟೆ, ಅದರ ಮೇಲೆ ಬೆವರು ಹೀರದ ಲೆಗ್ಗಿಂಗ್ಸ್, ಮುಚ್ಚಿದ ಬಸ್ಸಿನಲ್ಲಿ ಪುತ್ತೂರಿನವರೆಗೆ ಪ್ರಯಾಣ. ತೊಡೆಸಂದಿನಲ್ಲಿ, ಎದೆಯ ಕೆಳಗೆ ಹುಳಕಡ್ಡಿ ಹುಟ್ಟಲು ಇಷ್ಟು ಸಾಕು. ಆಮೇಲೆ ಮೆಡಿಕಲ್ ಅಂಗಡಿಯಿಂದ ಹೆಸರು ಹೇಳದೆ ತರುವ ಕ್ರೀಮ್. ಅದರಲ್ಲಿ ಸ್ಟೀರಾಯ್ಡ್ ಬೆರೆತಿದ್ದರೆ ತುರಿಕೆ ಎರಡು ದಿನದಲ್ಲಿ ನಿಲ್ಲುತ್ತದೆ, ಶಿಲೀಂಧ್ರ ನಿಲ್ಲುವುದಿಲ್ಲ. ಒಳಗೊಳಗೇ ಹರಡಿ ಮತ್ತೆ ಬರುತ್ತದೆ. ಇಂದು ದೇಶದ ಚರ್ಮವೈದ್ಯರೆಲ್ಲ ತಲೆಬಿಸಿ ಮಾಡಿಕೊಂಡಿರುವ ಹಠಮಾರಿ ಹುಳಕಡ್ಡಿಗೆ ಈ ಕ್ರೀಮುಗಳೂ ಒಂದು ಕಾರಣ. ಒಳಬಟ್ಟೆಯನ್ನು ಬಿಸಿಲಿಗೆ ಹಾಕಲು ನಾಚಬೇಕಾದ ಪದ್ಧತಿಯನ್ನು ನಾನಂತೂ ಒಪ್ಪುವುದಿಲ್ಲ. ಬಿಸಿಲು ಬಂದ ದಿನ ಅಂಗಳದ ಹಗ್ಗದಲ್ಲಿ ಮೊದಲ ಜಾಗ ಅವಕ್ಕೇ ಸಿಗಬೇಕು.

ಈಗಿನ ರವಿಕೆ, ಒಳಲಂಗಗಳ ಕ್ರಮವೂ ಅನಾದಿಯಿಂದ ಬಂದದ್ದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಠಾಕೂರ್ ಮನೆತನದ ಜ್ಞಾನದಾನಂದಿನಿ ದೇವಿ ಬಂಗಾಳದ ಹೆಂಗಸರು ಮನೆಯಿಂದ ಹೊರಗೆ ಓಡಾಡಲು ಅನುಕೂಲವಾಗಲೆಂದು ರವಿಕೆ, ಲಂಗಗಳ ಮೇಲೆ ಸೀರೆ ಉಡುವ ರೀತಿಯನ್ನು ಬಳಕೆಗೆ ತಂದರು. ಅವರ ಗಂಡ ಸತ್ಯೇಂದ್ರನಾಥರು ನಮ್ಮ ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದಾಗ ಅವರ ತಮ್ಮ, ತರುಣ ರವೀಂದ್ರರು ಅಲ್ಲಿಗೆ ಬಂದು ಉಳಿದದ್ದನ್ನು ಎಲ್ಲರೂ ನೆನೆಯುತ್ತಾರೆ. ಆ ಅತ್ತಿಗೆಯನ್ನು ನೆನೆಯುವವರು ಕಡಿಮೆ. ಇಂಗ್ಲೆಂಡಿನಲ್ಲಿ ಪಕ್ಕೆಲುಬು ಅದುಮುವ ಕಾರ್ಸೆಟ್ಟಿನ ವಿರುದ್ಧ 1881ರಲ್ಲಿ ಒಂದು ಸಂಘವೇ ಹುಟ್ಟಿತು. ಒಳಉಡುಪುಗಳ ಒಟ್ಟು ತೂಕ ಏಳು ಪೌಂಡು ಮೀರಬಾರದು ಎಂದು ಅದು ಸಾರಿತ್ತು. ಉಡುಪನ್ನು ಹೆಂಗಸರು ಅನುಕೂಲಕ್ಕೆಂದು ಬದಲಿಸಿಕೊಂಡೇ ಬಂದಿದ್ದಾರೆ. ಕೆಲಸದ ಮೈಗೆ ತಕ್ಕಂತೆ ಇನ್ನೊಮ್ಮೆ ಬದಲಿಸಿಕೊಳ್ಳಲು ನಮಗೆ ಯಾರ ಅಪ್ಪಣೆಯೂ ಬೇಡ.

ತೊಂದರೆಯ ಬೇರು ಅಳತೆಯಲ್ಲಿದೆ ಎಂದು ನನ್ನ ನಂಬಿಕೆ. ಟೈಲರ್ ಅಳತೆ ತೆಗೆಯುವಾಗ ನಾವು ನೆಟ್ಟಗೆ ನಿಂತು, ಕೈ ಇಳಿಬಿಟ್ಟು, ಹೊಟ್ಟೆ ಸ್ವಲ್ಪ ಒಳಗೆಳೆದುಕೊಳ್ಳುತ್ತೇವೆ. ಫೋಟೋಗೆ ನಿಲ್ಲುವ ಮೈ ಅದು. ನಮ್ಮ ದಿನ ಕಳೆಯುವುದು ಬೇರೆ ಮೈಯಲ್ಲಿ: ನೆಲದಲ್ಲಿ ಕೂತು ಬೀಡಿ ಕಟ್ಟುವಾಗ, ಅಡಿಕೆ ಸುಲಿಯುವಾಗ, ಹಟ್ಟಿಯಲ್ಲಿ ಕುಕ್ಕರಗಾಲಲ್ಲಿ ಹಾಲು ಕರೆಯುವಾಗ ಸೊಂಟದ ಸುತ್ತಳತೆ ಹೆಚ್ಚುತ್ತದೆ, ಬೆನ್ನು ಅಗಲವಾಗುತ್ತದೆ, ಕಂಕುಳು ಹಿಗ್ಗುತ್ತದೆ. ಎಷ್ಟೋ ಮಂದಿ ಅಷ್ಟನ್ನೂ ಕೊಡದೆ ಹಳೆಯ ರವಿಕೆಯೊಂದನ್ನು ಅಳತೆಗೆಂದು ಬೆಳ್ಳಾರೆಯ ಅಂಗಡಿಗೆ ಕಳಿಸುತ್ತಾರೆ. ಎರಡು ಹೆರಿಗೆಗೆ ಮುಂಚಿನ ರವಿಕೆ! ಅದರ ಹುಕ್ಕು ಹಾಕಿಕೊಂಡವಳಿಗೆ ಕೈ ಮೇಲೆತ್ತಿ ಅಟ್ಟದಿಂದ ಡಬ್ಬಿ ಇಳಿಸಲೂ ಆಗುವುದಿಲ್ಲ.

ಅಳತೆಯನ್ನು ಕೂತು ಕೊಡೋಣ, ಪೂರ್ತಿ ಉಸಿರು ತೆಗೆದುಕೊಂಡು ಕೊಡೋಣ. ಲಂಗಕ್ಕೆ ಲಾಡಿಯ ಬದಲು ಮೂರು ಬೆರಳು ಅಗಲದ ಪಟ್ಟಿ, ಎರಡು ಮೂರು ಹಂತದ ಹುಕ್ಕು ಇಡಿಸೋಣ. ಭಾರ ಹರಡುತ್ತದೆ, ಸೀರೆಯೂ ನಿಲ್ಲುತ್ತದೆ. ನೆರೆಮನೆಯ ಅಕ್ಕನಿಗೆ ನಾನು ಕೊಟ್ಟ ಉತ್ತರವೂ ಇದೇ. ಲಾಡಿಯೇ ಬೇಕೆನ್ನುವವರು ದಿನಕ್ಕೊಮ್ಮೆ ಗಂಟಿನ ಬದಿ ಬದಲಿಸಲಿ, ಮನೆಗೆ ಬಂದೊಡನೆ ನೈಟಿಗೆ ಬದಲಾಗಲಿ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್‌ನಂಥ ಸಂಸ್ಥೆಗಳಲ್ಲಿ ಹೊಲಿಗೆ ಕಲಿತು ಊರಿಗೆ ಮರಳಿದ ಹೆಣ್ಣುಮಕ್ಕಳು ನಮ್ಮ ಜಿಲ್ಲೆಯಲ್ಲಿ ಬಹಳ ಮಂದಿ. ಕೂತ ಮೈಯ ಕಷ್ಟ ಗೊತ್ತಿರುವ ಅವರಿಗೆ ಈ ಅಳತೆಯನ್ನು ಯಾರೂ ವಿವರಿಸಬೇಕಾಗಿಲ್ಲ.

ಮೊದಲು ಗಮನಿಸಬೇಕಾದದ್ದು ಶಾಲೆಯ ಯೂನಿಫಾರ್ಮನ್ನು. ಮೇ ತಿಂಗಳಲ್ಲಿ ಹೊಲಿಸಿದ್ದು ಎಂಟನೆಯ ತರಗತಿಯ ಹುಡುಗಿಗೆ ದಸರೆಯ ಹೊತ್ತಿಗೆ ಎದೆಯಲ್ಲಿ ಬಿಗಿಯುತ್ತದೆ. ಅವಳು ಬೆನ್ನು ಗೂನು ಮಾಡಿ ಕೂರುತ್ತಾಳೆ, ಉತ್ತರ ಗೊತ್ತಿದ್ದರೂ ಕೈ ಎತ್ತುವುದಿಲ್ಲ, ಖೋ ಖೋ ಆಟಕ್ಕೆ ಕರೆದರೆ ಹೊಟ್ಟೆನೋವು ಎನ್ನುತ್ತಾಳೆ. ಮನೆಯಲ್ಲಿ ಅದನ್ನು ಸೋಮಾರಿತನ ಎಂದುಕೊಳ್ಳುತ್ತಾರೆ. ಹೊಲಿಸುವಾಗಲೇ ಎರಡೂ ಬದಿಯ ಹೊಲಿಗೆಯೊಳಗೆ ಒಂದೊಂದು ಇಂಚು ಬಟ್ಟೆ ಹೆಚ್ಚು ಬಿಡಲು ಹೇಳಿ, ದಸರೆ ರಜೆಯಲ್ಲಿ ಬಿಚ್ಚಿಸಿ ಸಡಿಲ ಮಾಡಿಸಿದರೆ ಖರ್ಚು ದೊಡ್ಡದೇನಲ್ಲ. ಅಳತೆ ಕೊಡುವಾಗ ಅವಳು ಎರಡೂ ಕೈ ತಲೆಯ ಮೇಲೆತ್ತಿ ನಿಲ್ಲಲಿ, ಆಮೇಲೆ ಒಮ್ಮೆ ನೆಲದಲ್ಲಿ ಚಕ್ಕಳಮಕ್ಕಳ ಕೂರಲಿ. ಟೇಪು ಅಲ್ಲಿ ಎಷ್ಟು ತೋರಿಸುತ್ತದೋ ಅಷ್ಟನ್ನೇ ಪುಸ್ತಕದಲ್ಲಿ ಬರೆಸಬೇಕು.