ಕೂಗಿದವಳದೇ ತಪ್ಪೇ?

ನಮ್ಮ ಎಚ್.ಡಿ. ಕೋಟೆಗೆ ಕೇರಳದ ವಯನಾಡು ಪಕ್ಕದ್ದೇ. ಹೀಗಾಗಿ ಕೇರಳದವರ ‘28’ ಇಸ್ಪೀಟಾಟ ನಮ್ಮ ಮನೆಯಲ್ಲೂ ಉಂಟು. ಗುಲಾಮನಿಗೆ 3, ಒಂಬತ್ತಕ್ಕೆ 2, ಎಕ್ಕಕ್ಕೂ ಹತ್ತಕ್ಕೂ ಒಂದೊಂದು; ನಾಲ್ಕು ಜಾತಿಯೂ ಸೇರಿ 28. ಎಂಟೆಲೆಯಲ್ಲಿ ಮೊದಲ ನಾಲ್ಕನ್ನೇ ನೋಡಿ, ‘ನಮ್ಮ ಜೋಡಿಗೆ ಇಷ್ಟು ಬರುತ್ತೆ’ ಎಂದು ಪೈಪೋಟಿಯಲ್ಲಿ ಕೂಗಬೇಕು.

ಒಂದು ಯುಗಾದಿಯಲ್ಲಿ ಕಿರಿ ಓರಗಿತ್ತಿ ನನಗೆ ಜೋಡಿ. ನಾನು 16 ಅಂದೆ, ಎದುರಿನವರು 17, ಅವಳು 18. ಬಂದದ್ದು 15! “ಅಷ್ಟು ಯಾಕೆ ಕೂಗಿದೆ?” ಎಂದು ನೆಂಟರೆದುರೇ ರೇಗಿದೆ. ಅವಳು ಮಾತಾಡದೆ ಅಡುಗೆಮನೆಗೆ ಎದ್ದು ಹೋದಳು.

ಅತ್ತೆ ಮೆಲ್ಲಗೆ ಅಂದರು: “ಕೂಗುವಾಗ ಅವಳು ನೋಡಿದ್ದು ನಾಲ್ಕೆಲೆ. ನೀನು ಎಲ್ಲಾ ನೋಡಿ ಆದ್ಮೇಲೆ ತಪ್ಪು ಹಿಡೀತಿದ್ದೀಯಲ್ಲ?”

ಆ ನಾಲ್ಕೆಲೆ ನೆನೆದೆ. ಆಟೀನಿನ ಗುಲಾಮ, ಒಂಬತ್ತು, ಎಕ್ಕ, ಮೇಲೊಂದು ಇಸ್ಪೀಟು ಗುಲಾಮ! ನಾನಾದರೂ 18 ಬಿಡುತ್ತಿರಲಿಲ್ಲ. ನನ್ನ 16 ಮಾತ್ರ ಒಂದೇ ಒಂದು ಹತ್ತನ್ನು ಹಿಡಿದು ಜಂಬಕ್ಕೆ ಕೂಗಿದ್ದು. ನನ್ನ ಕೈಯಲ್ಲೂ ಏನೋ ಇದೆ ಅಂತ ನಂಬಿ ಅವಳು ಏರಿದ್ದಳು.

ಒಳಗೆ ಹೋಗಿ “ತಪ್ಪು ನಂದು ಕಣೆ” ಅಂದೆ. ಅವಳು ನಕ್ಕು ಕಾಫಿ ಲೋಟ ಮುಂದಿಟ್ಟಳು. ಸೋತಾಗ ಜೊತೆಯವರನ್ನು ಬೈಯುವ ಮೊದಲು, ನಾವು ಕೂಗಿದ್ದೇನು ಅಂತ ನೆನೆಸಿಕೊಳ್ಳೋಣ, ಅಲ್ಲವೇ?